ಒಂದನೆಯ ತರಗತಿಯಲ್ಲಿ ಒಂದು ವಾರ

ಮನೆಯ ಮಗು ಒಂದನೆಯ ತರಗತಿಗೆ ಕಾಲಿಟ್ಟಿತೆಂದರೆ ಹಿರಿಯರಿಗೆ ಹೊಸದೊಂದು ಚಿಂತೆ ಆರಂಭವಾಗುತ್ತದೆ. ಪಕ್ಕದ ಮನೆಯ ಮಗು ಆಗಲೇ ಕಾಗುಣಿತ ಬರೆಯುತ್ತಿದೆ, ನಮ್ಮದೇಕೆ ಬರೆಯುತ್ತಿಲ್ಲ? ಈ ಚಿಂತೆಗೆ ನಾನೂ ಹೊರತಾಗಿರಲಿಲ್ಲ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಬೋಧಿಸಿ ನಿವೃತ್ತನಾದ ನಾನು, ವಿಜಯನಗರದ ನಮ್ಮ ಮನೆಯಲ್ಲಿ ಪ್ರತಿ ಸಂಜೆಯೂ ಮೊಮ್ಮಗನನ್ನು ಎದುರಿಗೆ ಕೂರಿಸಿಕೊಂಡು ವರ್ಣಮಾಲೆ ಒಪ್ಪಿಸಿಕೊಳ್ಳುತ್ತಿದ್ದೆ. ತಪ್ಪಿದರೆ ಗದರುತ್ತಿದ್ದೆ. ಕೊನೆಗೆ ನಾನು ಪುಸ್ತಕ ಕೈಗೆತ್ತಿಕೊಂಡರೆ ಸಾಕು, ಅವನು ಅಜ್ಜಿಯ ಸೆರಗಿನ ಮರೆಗೆ ಸೇರುವಂತಾಯಿತು.

ಇದನ್ನು ಕೇಳಿದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಕೆಂಗೇರಿಯ ಕಡೆ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿಯಾಗಿರುವವಳು, "ಒಂದು ವಾರ ನಮ್ಮ ತರಗತಿಗೆ ಬಂದು ಕುಳಿತುಕೊಳ್ಳಿ ಸಾರ್" ಎಂದಳು. ಜುಲೈ ತಿಂಗಳ ಒಂದು ಸೋಮವಾರ ಹೋದೆ.

ಅಲ್ಲಿ ಬೆಂಚುಗಳ ಸಾಲಿರಲಿಲ್ಲ. ಒಂದು, ಎರಡು, ಮೂರನೆಯ ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಐದು ಗುಂಪುಗಳಾಗಿ ನೆಲದ ಮೇಲೆ ಕುಳಿತಿದ್ದರು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವಷ್ಟು ಎತ್ತರದಲ್ಲಿ ಕಪ್ಪು ಹಲಗೆ. ತಲೆಯ ಮೇಲೆ ದಾರದ ಚಪ್ಪರಕ್ಕೆ ತೂಗುಹಾಕಿದ ಅವರದೇ ಚಿತ್ರಗಳು. ಇದೇ 'ನಲಿ-ಕಲಿ' ಪದ್ಧತಿ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನೊಂದಿಗೆ ಪ್ರಾರಂಭವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿತು.

ಮೊದಲ ದಿನವೇ ನಾನು ಎಡವಿದೆ. ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಹುಡುಗಿಯೊಬ್ಬಳ ಸ್ಲೇಟಿನ ಮೇಲೆ ‘ಅ, ಆ’ ಬರೆದುಕೊಟ್ಟು ತಿದ್ದಲು ಹೇಳಿದೆ. ಆಕೆ ಬಳಪವನ್ನು ಕೆಳಗಿಟ್ಟು ಮುಖ ತಿರುಗಿಸಿದಳು. ಶಿಕ್ಷಕಿ ಬಳಿ ಬಂದು ಮೆಲ್ಲಗೆ, "ನಾವಿಲ್ಲಿ ವರ್ಣಮಾಲೆಯ ಕ್ರಮದಿಂದ ಆರಂಭಿಸುವುದಿಲ್ಲ ಸಾರ್" ಎಂದಳು. ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ದರ, ಅರಸ, ಅಗಸ ಎಂಬ ಪದಗಳು ಮಗುವಿನ ಕೈಗೆ ದೊರೆಯುತ್ತವೆ. ಓದಿದ್ದಕ್ಕೆ ಅರ್ಥವಿದೆಯೆಂಬುದು ಮೊದಲಲ್ಲಿಯೇ ಮನವರಿಕೆಯಾಗುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಆ ಹುಡುಗಿಯ ತಂದೆತಾಯಿ ಕಲಬುರಗಿಯ ಕಡೆಯಿಂದ ಬಂದವರು. ತಂದೆ ಕಟ್ಟಡಗಳಲ್ಲಿ ಬಡಗಿ. ಕಾರ ಹುಣ್ಣಿಮೆಗೆಂದು ಊರಿಗೆ ಹೋದವರು ಬಿತ್ತನೆ ಮುಗಿಸಿ ಹಿಂದಿರುಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. ನನ್ನ ಕಾಲದಲ್ಲಾಗಿದ್ದರೆ ಪಾಠ ಮುಂದೆ ಹೋಗಿ ಮಗು ಹಿಂದೆ ಉಳಿಯುತ್ತಿತ್ತು. 'ದಡ್ಡಿ' ಎಂಬ ಹೆಸರೂ ಅಂಟಿಕೊಳ್ಳುತ್ತಿತ್ತು. ಇಲ್ಲಿ ಕಲಿಕೆಯನ್ನು ಮೆಟ್ಟಿಲುಗಳಾಗಿ ವಿಂಗಡಿಸಿ, ಪ್ರತಿ ಮೆಟ್ಟಿಲಿಗೂ ಕಾರ್ಡುಗಳನ್ನು ಇಟ್ಟಿದ್ದಾರೆ. ಮಂಗಳವಾರ ಆಕೆ ತಾನು ಬಿಟ್ಟುಹೋಗಿದ್ದ ಮೆಟ್ಟಿಲಿನ ಕಾರ್ಡನ್ನೇ ಎತ್ತಿಕೊಂಡಳು. ಏಕೆ ಬಂದಿರಲಿಲ್ಲವೆಂದು ಯಾರೂ ಗದರಿಸಲಿಲ್ಲ.

ಬುಧವಾರ ಹುಣಿಸೆಬೀಜ ಎಣಿಸಿ ಕೂಡುವುದು ನಡೆಯಿತು. ಗುರುವಾರ ಬೆಳಿಗ್ಗೆ ಮಕ್ಕಳು ಕಿಟಕಿಯಿಂದ ಆಕಾಶ ನೋಡಿ ಹವಾಮಾನ ನಕ್ಷೆಯಲ್ಲಿ ಮೋಡದ ಗುರುತು ಹಾಕಿದರು. ಮಧ್ಯಾಹ್ನ ಅಕ್ಷರ ದಾಸೋಹದ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತರು.

ಶುಕ್ರವಾರ ಚಿತ್ರದ ಕಾರ್ಡೊಂದನ್ನು ಕಂಡು ಆ ಹುಡುಗಿ ಮೊದಲ ಬಾರಿಗೆ ಬಾಯಿಬಿಟ್ಟಳು: "ಇದು ನಮ್ಮಪ್ಪನ ಬಲ್ಲಿ ಅದರಿ!" ಚಿತ್ರದಲ್ಲಿದ್ದುದು ಗರಗಸ. ಮೂರನೆಯ ತರಗತಿಯ ಹುಡುಗನೊಬ್ಬ ಪಕ್ಕದಲ್ಲಿ ಕುಳಿತು ಕೆಳಗಿನ ಅಕ್ಷರಗಳ ಮೇಲೆ ಬೆರಳಿಟ್ಟ. ಆಕೆ ಗ, ರ, ಗ, ಸ ಎಂದು ಬಿಡಿಬಿಡಿಯಾಗಿ ಹೇಳಿ, ಆಮೇಲೆ ಕೂಡಿಸಿ ಓದಿದಳು. ಮನೆಯ ಉಪಕರಣವೇ ಆಕೆಗೆ ಮೊದಲ ಪಾಠವಾಯಿತು.

ಪದ್ಧತಿಯಲ್ಲಿ ಕೊರತೆಯಿಲ್ಲವೆಂದಲ್ಲ. ಮೂರು ತರಗತಿಗೆ ಒಬ್ಬಳೇ ಶಿಕ್ಷಕಿ. ಒಂದು ಗುಂಪಿನೊಡನೆ ಕುಳಿತರೆ ಉಳಿದವರಲ್ಲಿ ಗದ್ದಲ. ಶನಿವಾರ ಶಾಲೆ ಬಿಟ್ಟಾಗ ಆಕೆಯ ಧ್ವನಿ ಒಡೆದುಹೋಗಿತ್ತು. ಇಂಥವರ ದುಡಿಮೆಯನ್ನು ಸಮಾಜ ಗುರುತಿಸಬೇಕು. ಬಿಡುವುಳ್ಳ ಹಿರಿಯರು ಶಾಲೆಯವರ ಅನುಮತಿ ಪಡೆದು ವಾರಕ್ಕೊಂದು ಗಂಟೆ ಮಕ್ಕಳಿಗೆ ಕಥೆ ಹೇಳಿದರೂ ಅದು ದೊಡ್ಡ ಸೇವೆಯೇ.

ಅಂದು ಸಂಜೆ ಮನೆಗೆ ಬಂದು ನಾನು ಮೊಮ್ಮಗನ ಪುಸ್ತಕವನ್ನು ಮುಟ್ಟಲಿಲ್ಲ. ಇಬ್ಬರೂ ಕುಳಿತು ಅವರೆಕಾಯಿ ಬಿಡಿಸಿ ಕಾಳು ಎಣಿಸಿದೆವು. ಅವನಿನ್ನೂ ವರ್ಣಮಾಲೆಯನ್ನು ಪೂರ್ತಿ ಒಪ್ಪಿಸಲಾರ. ಆದರೆ ಈಗ ನನ್ನನ್ನು ಕಂಡು ಅಡಗುವುದಿಲ್ಲ.

ತಾಯಂದಿರಲ್ಲಿ, ಅಜ್ಜ ಅಜ್ಜಿಯರಲ್ಲಿ ನನ್ನ ವಿನಂತಿ ಇಷ್ಟೆ: ಮಗುವನ್ನು ಪಕ್ಕದ ಮನೆಯ ಮಗುವಿನೊಡನೆ ಅಳೆಯಬೇಡಿ, ನಿನ್ನೆ ಅದು ಯಾವ ಮೆಟ್ಟಿಲಲ್ಲಿತ್ತು, ಇಂದು ಎಲ್ಲಿದೆ ಎಂಬುದನ್ನಷ್ಟೇ ನೋಡಿ. ಆರು ವರ್ಷದ ಮಗುವಿಗೆ ಅಕ್ಷರ ಕಲಿಯಲು ಇನ್ನೂ ಕಾಲವಿದೆ. ಆದರೆ ಒಮ್ಮೆ ಅಕ್ಷರದ ಭಯ ಹೊಕ್ಕರೆ ಅದನ್ನು ಬಿಡಿಸುವುದು ಸುಲಭವಲ್ಲ.