ಸಕ್ಕರೆಗೆ ಗಂಧಕದ ಗಂಟು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರಿಗೆ ಕಬ್ಬಿನ ಬಗ್ಗೆ ಹೇಳಿಕೊಡೋದು ಬೇಕಿಲ್ಲ. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ಉದಪುಡಿ, ಎಲ್ಲ ಕಡೆಗೂ ಸಕ್ಕರೆ ಕಾರ್ಖಾನೆ ಅದಾವ. ಆದರೆ ಸಕ್ಕರೆಯ ಮುಂದೇನು ಅಂತ ಕೇಳಿದರೆ ನಮ್ಮಲ್ಲಿ ಬರುವ ಉತ್ತರ ಮೂರೇ: ಇಥೆನಾಲ್, ಕರೆಂಟು, ಬಾಕಿ ಬಿಲ್ಲು. ನಾಲ್ಕನೆಯ ಉತ್ತರ ಒಂದಿದೆ, ಅದನ್ನು ಎಂಜಿನಿಯರಿಂಗ್ ಹುಡುಗರೇ ಹುಡುಕಬೇಕು ಅಂತ ನನ್ನ ವಾದ.

ಬಿಳಿ ಸಕ್ಕರೆ ಮಾಡುವ ಹಳೆಯ ಪದ್ಧತಿಯಲ್ಲಿ ಗಂಧಕ ಸುಟ್ಟು, ಆ ಗ್ಯಾಸನ್ನು ಸುಣ್ಣದ ಹಾಲಿನ ಜೊತೆ ಕಬ್ಬಿನ ರಸಕ್ಕೆ ಬಿಡುತ್ತಾರೆ. ಅಲ್ಲಿ ಗಂಧಕ ರಸ ತಿಳಿ ಮಾಡುತ್ತದೆ ಅಷ್ಟೇ, ಸಕ್ಕರೆಗೆ ಗಂಟು ಬೀಳುವುದಿಲ್ಲ. ಗಂಟು ಬಿದ್ದರೆ ಅದು ಥಯೋಗ್ಲೈಕೊಸೈಡ್.

ಇದು ನಿಮ್ಮ ಅಡಿಗೆಮನೆಯಲ್ಲೇ ಇದೆ ನೋಡ್ರಿ. ಸಾಸಿವೆಯಲ್ಲಿರುವ ಸಿನಿಗ್ರಿನ್ ಗಂಧಕದ ಮೂಲಕ ಗ್ಲೂಕೋಸ್ ಕಟ್ಟಿಕೊಂಡ ಅಣು. ಸಾಸಿವೆ ಅರೆದು ನೀರು ಹಾಕಿದಾಗ ಮೈರೊಸಿನೇಸ್ ಎಂಬ ಕಿಣ್ವ ಆ ಗಂಟು ಬಿಚ್ಚುತ್ತದೆ, ಖಾರ ಮೂಗಿಗೆ ಏರುತ್ತದೆ. ಒಗ್ಗರಣೆಯ ಕಾದ ಎಣ್ಣೆಯಲ್ಲಿ ಕಿಣ್ವ ಕೆಟ್ಟುಹೋಗುವುದರಿಂದ ಆ ಘಾಟು ಇರುವುದಿಲ್ಲ. ಮೊಡವೆಗೆ ಹಚ್ಚುವ ಕ್ಲಿಂಡಾಮೈಸಿನ್ ಜೆಲ್ಲಿನ ಅಣುವಿನಲ್ಲೂ ಇಂಥದೇ ಗಂಧಕದ ಸಕ್ಕರೆ ಇದೆ.

ಲ್ಯಾಬಿನಲ್ಲಿ ಗಂಟು ಹಾಕೋದು ಹೀಗೆ: ಗ್ಲೂಕೋಸಿನ ಐದೂ ಹೈಡ್ರಾಕ್ಸಿಲ್‌ಗಳಿಗೆ ಅಸೆಟಿಕ್ ಅನ್‌ಹೈಡ್ರೈಡಿನಿಂದ ಮುಚ್ಚಳ ಹಾಕುವುದು, ಆಮೇಲೆ ಬೋರಾನ್ ಟ್ರೈಫ್ಲೋರೈಡ್ ಸಹಾಯದಿಂದ ಥಯೋಫೀನಾಲ್ ಜೋಡಿಸುವುದು. ಇಂಥ ಅಣುಗಳನ್ನು 1909ರಲ್ಲೇ ಎಮಿಲ್ ಫಿಷರ್ ಮಾಡಿದ್ದ. ಈ ಗಂಟು ಎಷ್ಟೋ ಹಂತಗಳ ರಸಾಯನ ಕ್ರಿಯೆ ತಡೆದುಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ಬೇಕಾದಾಗ ಬಿಚ್ಚಲು 1973ರಲ್ಲಿ ಫೆರಿಯರ್ ಮತ್ತು ಸಂಗಡಿಗರು ಪಾದರಸದ ಲವಣ ಬಳಸಿದರು. ಈಗ ಎನ್-ಅಯೋಡೊಸಕ್ಸಿನಿಮೈಡಿಗೆ ಚೂರು ಟ್ರಿಫ್ಲಿಕ್ ಆಮ್ಲ ಸೇರಿಸುತ್ತಾರೆ. ಅಯೋಡಿನ್ ಗಂಧಕವನ್ನು ಎಳೆದುಕೊಂಡು ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಸಕ್ಕರೆ ಬಂದು ಕೂಡುತ್ತದೆ. ಔಷಧ, ಲಸಿಕೆಗಳ ಸಂಶೋಧನೆಗೆ ಬೇಕಾದ ಸಕ್ಕರೆ ಸರಪಳಿಗಳನ್ನು ಹೀಗೆ ಹೆಣೆಯುತ್ತಾರೆ.

“ಇದೆಲ್ಲ ಎಂ.ಎಸ್ಸಿ.ಯವರ ಕೆಲಸ, ನಮಗ್ಯಾಕ?” ಅಂತೀರಿ. ಆದರೆ ಉಳಿದಿರುವ ತೊಡಕುಗಳನ್ನು ನೋಡಿ. ಥಯೋಫೀನಾಲಿನ ವಾಸನೆ ಒಂದು ಹನಿಗೇ ಇಡೀ ಬ್ಲಾಕ್ ಖಾಲಿ ಮಾಡಿಸುತ್ತದೆ. ಗಂಟು ಬಿಚ್ಚುವಾಗ ತೇವ ತಾಗಿದರೆ ಕೆಲಸ ಕೆಟ್ಟಿತು, ಅನೇಕ ಸಲ ಸೊನ್ನೆಗಿಂತ ಬಹಳ ಕೆಳಗಿನ ತಾಪಮಾನವೂ ಬೇಕು. ಫ್ಲಾಸ್ಕಿನಲ್ಲಿ ಗ್ರಾಂ ಲೆಕ್ಕದಲ್ಲಿ ಆದದ್ದು ಕಿಲೋ ಲೆಕ್ಕದಲ್ಲಿ ಆಗಬೇಕಾದರೆ ಶಾಖ ತೆಗೆಯೋದು, ಗ್ಯಾಸ್ ತೊಳೆಯೋದು, ದ್ರಾವಕ ಮರಳಿ ಪಡೆಯೋದು ಎಲ್ಲ ಬರುತ್ತದೆ. ಇವು ಎಂಜಿನಿಯರಿಂಗ್ ಪ್ರಶ್ನೆಗಳಲ್ಲದೆ ಮತ್ತೇನು?

ಇದರಿಂದ ನಾಲ್ಕು ತಾಲ್ಲೂಕಿನ ಕಬ್ಬೆಲ್ಲ ಖರ್ಚಾಗುತ್ತದೆ ಅಂತ ಯಾರೂ ತಿಳಿಯಬಾರದು. ಇದು ಟನ್ನುಗಳ ವ್ಯಾಪಾರವಲ್ಲ, ಸ್ವಲ್ಪ ಮಾಲು, ಹೆಚ್ಚು ಬುದ್ಧಿಯ ಕೆಲಸ. ಆ ಬುದ್ಧಿ ನಮ್ಮ ಕಡೆ ಬೆಳೆದರೆ ಕೆಮಿಕಲ್ ಓದಿದ ಹುಡುಗ, ಹುಡುಗಿ ಊರು ಬಿಟ್ಟು ಕೋಡಿಂಗ್‌ಗೇ ಹೋಗಬೇಕಂತಿಲ್ಲ.

ಬೆಳಗಾವಿಯಲ್ಲಿ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಇನ್ನೊಂದು ಅಟೆಂಡನ್ಸ್ ಆ್ಯಪ್ ಮಾಡೋ ಮೊದಲು ಒಮ್ಮೆ ಅಲ್ಲಿ ಹೋಗಿ ಮಾತಾಡಿ ಬರ್ರಿ. ಥಯಾಲ್ ವಾಸನೆ ತಡೆಯುವ ಒಂದು ಸಣ್ಣ ಸ್ಕ್ರಬ್ಬರ್ ಮಾಡಿದರೂ ಸಾಕು, ಕೆಲಸ ಶುರುವಾದಂತೆ.