ಕಿವಿ ಕೇಳದ ನಾಯಿ ಯಾವ ಉಪಯೋಗಕ್ಕೆ?

ನಮ್ಮ ಮಲೆನಾಡಿನಲ್ಲಿ ನಾಯಿಗೂ ಒಂದು ಕೆಲಸ ಇರಲೇಬೇಕು. ಅಡಿಕೆ ತೋಟಕ್ಕೆ ಇಳಿಯುವ ಮಂಗಗಳನ್ನು ಅಟ್ಟಬೇಕು, ರಾತ್ರಿ ಕಾಡುಹಂದಿ ಬಂದರೆ ಬೊಗಳಬೇಕು, ಅಪರಿಚಿತರು ದಣಪೆ ದಾಟಿದರೆ ಮನೆಯವರಿಗೆ ತಿಳಿಸಬೇಕು. ಅದಕ್ಕೇ ಮರಿ ತರುವಾಗ ಕೇಳುವ ಮೊದಲ ಪ್ರಶ್ನೆ ‘ಗಂಡಾ, ಹೆಣ್ಣಾ?’ ಎರಡನೆಯದು ‘ಜೋರಿದೆಯಾ?’ ಈ ಎರಡರಲ್ಲಿ ಫೇಲಾದ ಮರಿಗಳು ಸಂತೆಮಾಳದ ಬದಿಯಲ್ಲೋ ಘಾಟಿಯ ತಿರುವಿನಲ್ಲೋ ರಟ್ಟಿನ ಪೆಟ್ಟಿಗೆಯೊಳಗೆ ಸಿಗುತ್ತವೆ.

ಕೊಪ್ಪ ತಾಲ್ಲೂಕಿನ ಬಾಳಗಡಿಯಲ್ಲಿರುವ ನಮ್ಮ ಮನೆಗೆ ಕಳೆದ ವರ್ಷ ಬಂದ ಬೆಳ್ಳಿ ಎರಡರಲ್ಲೂ ಫೇಲು. ಹೆಣ್ಣು ಮರಿ, ಮೇಲಾಗಿ ಎರಡೂ ಕಿವಿ ಕೇಳುವುದಿಲ್ಲ. ನಾನು ಬಿ.ಇ. ಓದುತ್ತಿರುವ ಮಂಗಳೂರಿನಲ್ಲಿ ಪ್ರಾಣಿಗಳ ಆಶ್ರಯ ಕೇಂದ್ರವೊಂದಕ್ಕೆ ಗೆಳೆಯರ ಜೊತೆ ಭಾನುವಾರಗಳಂದು ಹೋಗುತ್ತಿದ್ದೆ. ಅಲ್ಲಿಂದ ಅದರ ಒಡಹುಟ್ಟಿದ ಮೂರು ಮರಿಗಳು ಒಂದೊಂದಾಗಿ ಮನೆ ಸೇರಿದವು, ಇದು ಉಳಿಯಿತು. ಚಪ್ಪಾಳೆ ತಟ್ಟಿದರೆ ತಿರುಗಿ ನೋಡದ ಮರಿಯನ್ನು ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ನಾನು ಅದನ್ನು ಊರಿಗೆ ತಂದಾಗ ಸಿಕ್ಕವರೆಲ್ಲ ಕೇಳಿದ್ದು ಒಂದೇ: ‘ಕಿವಿ ಕೇಳದ ನಾಯಿ ಯಾವ ಉಪಯೋಗಕ್ಕೆ?’ ಈ ಪ್ರಶ್ನೆ ನಮ್ಮ ವಯಸ್ಸಿನವರಿಗೆ ಹೊಸದಲ್ಲ. ಯಾವ ಬ್ರ್ಯಾಂಚು, ಎಷ್ಟು ಸಿಜಿಪಿಎ, ಎಷ್ಟು ಪ್ಯಾಕೇಜು ಎಂದು ನಮ್ಮನ್ನೂ ದಿನಾ ಅಳೆಯುತ್ತಾರೆ. ನೌಕರಿಗೆ ಆ ಅಳತೆ ಬೇಕಾಗಬಹುದು. ಮನೆಯೊಳಗೆ ಒಂದು ಜೀವಕ್ಕೆ ಜಾಗ ಕೊಡುವಾಗಲೂ ಅದೇ ಅಳತೆಗೋಲು ಹಿಡಿಯಬೇಕೇ? ಬೇಡ ಎನ್ನುವುದು ನನ್ನ ಅಭಿಪ್ರಾಯ. ಆದರೆ ಅದರ ಬದಲಿಗೆ ಬರಿಯ ಕನಿಕರವೂ ಸಾಲದು. ವಿಶೇಷ ಆರೈಕೆ ಬೇಕಾದ ಮರಿಯನ್ನು ದತ್ತು ಪಡೆಯುವವರು ಹಾಕಬೇಕಾದ್ದು ದಿನಚರಿಯ ಲೆಕ್ಕ.

ಆಶ್ರಯ ಕೇಂದ್ರದವರು ನನಗೆ ಕಲಿಸಿದ್ದು ಇದನ್ನೇ. ಫಾರಂ ತುಂಬಿದ ಮೇಲೂ ಅವರು ಮರಿ ಕೊಡಲಿಲ್ಲ. ‘ಸೋಮವಾರ ಬೆಳಿಗ್ಗೆ ನೀನು ಕ್ಲಾಸಿನಲ್ಲಿರುತ್ತೀಯ, ಆಗ ಮರಿ ಜೊತೆ ಯಾರಿರುತ್ತಾರೆ?’ ಎಂದು ಕೇಳಿ, ಅಮ್ಮನ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದರು. ಅಂಗಳಕ್ಕೆ ಬೇಲಿ ಇದೆಯೇ, ರಾತ್ರಿ ಎಲ್ಲಿ ಮಲಗಿಸುತ್ತೀರಿ, ಮಗ ಕೆಲಸಕ್ಕೆಂದು ಬೆಂಗಳೂರಿಗೆ ಹೋದರೂ ಸಾಕುತ್ತೀರಾ ಎಂದೆಲ್ಲ ವಿಚಾರಿಸಿದರು. ಅಮ್ಮ ಯೋಚಿಸಲು ಒಂದು ವಾರ ತೆಗೆದುಕೊಂಡು ಆಮೇಲೆ ಒಪ್ಪಿದರು.

ಬಿಳಿ ಮರಿಗಳಲ್ಲಿ ಕಿವುಡು ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ. ಚರ್ಮಕ್ಕೆ, ಕೂದಲಿಗೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಗೂ ಬೇಕು. ಅವು ಅಲ್ಲಿ ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಕೇಳಿಸಿಕೊಳ್ಳುವ ಶಕ್ತಿ ಹೋಗಿಬಿಡುತ್ತದೆ. ಡಾಲ್ಮೇಷಿಯನ್ ತಳಿಯಲ್ಲಿ ಇದು ಹೆಚ್ಚು. ಇದಕ್ಕೆ ಮದ್ದಿಲ್ಲ, ಹಾಗಾಗಿ ಮದ್ದಿನ ಖರ್ಚೂ ಇಲ್ಲ. ಬದಲಾಗಬೇಕಾದದ್ದು ಮನೆಯವರ ಅಭ್ಯಾಸ. ಬೆಳ್ಳಿಯನ್ನು ಕರೆಯಲು ನಾವು ನೆಲವನ್ನು ಕಾಲಿನಿಂದ ಬಡಿಯುತ್ತೇವೆ, ಕತ್ತಲಾದರೆ ಟಾರ್ಚ್ ಮಿನುಗಿಸುತ್ತೇವೆ. ‘ಕೂರು’, ‘ಬಾ’, ‘ಬೇಡ’ ಎಲ್ಲಕ್ಕೂ ಕೈಸನ್ನೆ ಇದೆ. ಮಲಗಿದಾಗ ಹಿಂದಿನಿಂದ ಮುಟ್ಟುವಂತಿಲ್ಲ, ಬೆಚ್ಚಿದ ನಾಯಿ ಕಚ್ಚಬಹುದು. ಮೂಗಿನ ಮುಂದೆ ಕೈ ಹಿಡಿದರೆ ವಾಸನೆಗೆ ತಾನಾಗಿ ಏಳುತ್ತದೆ. ವಾಹನದ ಸದ್ದು ಕೇಳದ ಕಾರಣ ಬೇಲಿಯಾಚೆಗೆ ಹಗ್ಗವಿಲ್ಲದೆ ಬಿಡುವುದಿಲ್ಲ.

ಮಲೆನಾಡಿನಲ್ಲಿ ಇನ್ನೆರಡು ಎಚ್ಚರ ಬೇಕು. ಅಂಗಳದಲ್ಲಿ ಮಲಗಿದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ನಮಗೆ ಹೊಸ ಸುದ್ದಿಯಲ್ಲ. ಕಿವಿ ಕೇಳದ ನಾಯಿಗೆ ಅದು ಹತ್ತಿರ ಬಂದದ್ದೂ ತಿಳಿಯದು. ಹಾಗಾಗಿ ಸಂಜೆಯಾಗುತ್ತಲೇ ಬೆಳ್ಳಿ ಒಳಗೆ. ಇನ್ನೊಂದು ಉಣ್ಣೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಜನರನ್ನು ಕಾಡಿದೆ. ಅದನ್ನು ಹರಡುವುದು ಕಾಡಿನ ಉಣ್ಣೆ. ತೋಟ ಸುತ್ತಿ ಬಂದ ನಾಯಿಯ ಮೈ ನೋಡಿ ಉಣ್ಣೆ ತೆಗೆಯುವುದು ನಮ್ಮ ಆರೋಗ್ಯಕ್ಕೂ ಬೇಕಾದ ಕೆಲಸ.

ಎಲ್ಲ ತೊಂದರೆಯೂ ಒಂದೇ ತೂಕದ್ದಲ್ಲ. ಮೂರು ಕಾಲಿನ ಮರಿ ತನ್ನಷ್ಟಕ್ಕೆ ಓಡಾಡಿಕೊಂಡಿರುತ್ತದೆ, ಮೈತೂಕ ಹೆಚ್ಚದಂತೆ ನೋಡಿಕೊಂಡರಾಯಿತು. ಡಿಸ್ಟೆಂಪರ್ ಕಾಯಿಲೆಯಿಂದ ಬದುಕುಳಿದ ಮರಿಗೆ ಮೈ ಅದುರುವುದು ಉಳಿಯಬಹುದು. ವಾಹನ ಬಡಿದು ಹಿಂಗಾಲು ಸೋತ ಮರಿಯದ್ದು ಬೇರೆ ಕಥೆ. ಎಷ್ಟೋ ಮರಿಗಳಿಗೆ ದಿನಕ್ಕೆ ಮೂರ್ನಾಲ್ಕು ಸಲ ಹೊಟ್ಟೆ ಒತ್ತಿ ಮೂತ್ರ ಮಾಡಿಸಬೇಕು, ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು, ಗಾಲಿಗಾಡಿಗೆ ಅಭ್ಯಾಸ ಮಾಡಿಸಬೇಕು. ಪಿ.ಜಿ. ಕೋಣೆಯಲ್ಲಿದ್ದುಕೊಂಡು ಇಂಟರ್‌ವ್ಯೂಗೆ ಓಡಾಡುವವರಿಂದ ಇದು ಆಗುವ ಮಾತಲ್ಲ. ಆಗದು ಎಂದು ಮೊದಲೇ ಹೇಳುವುದು ಮರಿಗೆ ಮಾಡುವ ಉಪಕಾರವೇ.

ಏಕೆಂದರೆ ಎರಡನೇ ಸಲ ಬೀದಿಗೆ ಬಿದ್ದ ಮರಿಯ ಪಾಡು ಮೊದಲಿಗಿಂತ ಕಷ್ಟ. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಯಿಂದ ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಆದರೆ ಮೊದಲ ಸಲದ ದಂಡ ಹೆಚ್ಚೆಂದರೆ 50 ರೂಪಾಯಿ! ದೆಹಲಿಯ ಬೀದಿನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶವು ದತ್ತು ಪಡೆಯಲು ಅವಕಾಶ ಕೊಡುತ್ತಲೇ, ಆ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆಯನ್ನು ದತ್ತು ಪಡೆದವರ ಮೇಲೆಯೇ ಹೊರಿಸಿತು. ಪ್ರೀತಿಯ ಮಾತು ಎಷ್ಟೇ ಇರಲಿ, ದತ್ತು ಎಂದರೆ ಈ ಹೊಣೆ.

‘ಮನುಷ್ಯರಿಗೇ ಕೆಲಸವಿಲ್ಲ, ನಾಯಿಗೆ ಇಷ್ಟೆಲ್ಲ ಯಾಕೆ?’ ಎನ್ನುವವರಿದ್ದಾರೆ. ಬೆಳ್ಳಿಗೆ ರೇಬೀಸ್ ಲಸಿಕೆ ಆಗಿದೆ, ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಗಿದೆ. ಬೀದಿಯಲ್ಲೇ ಉಳಿದಿದ್ದರೆ ವಾಹನಕ್ಕೆ ಸಿಕ್ಕಿ ಸಾಯುತ್ತಿತ್ತು, ಇಲ್ಲವೇ ಮರಿ ಹಾಕುತ್ತ ಹೋಗುತ್ತಿತ್ತು. ಅದನ್ನು ಮನೆಗೆ ತಂದದ್ದರಿಂದ ಯಾವ ನಿರುದ್ಯೋಗಿಯ ತಟ್ಟೆಯ ಅನ್ನವೂ ಕಡಿಮೆಯಾಗಿಲ್ಲ.

2022ರಲ್ಲಿ ‘777 ಚಾರ್ಲಿ’ ಬಂದಾಗ ನಾವೆಲ್ಲ ಚಿತ್ರಮಂದಿರದಲ್ಲಿ ಅತ್ತೆವು, ರಾಜ್ಯ ಸರ್ಕಾರ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. ಅದರ ಚಾರ್ಲಿ ಲ್ಯಾಬ್ರಡಾರ್. ಆಶ್ರಯ ಕೇಂದ್ರಗಳಲ್ಲಿ ಕಾಯುತ್ತಿರುವ ಹೆಚ್ಚಿನವು ನಾಟಿ ಮರಿಗಳು. ಅವುಗಳಲ್ಲಿ ಒಂದನ್ನು ತರುವ ಮನಸ್ಸಿದ್ದರೆ ಫೋಟೊ ಸ್ಟೇಟಸ್‌ಗೆ ಹಾಕುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ನಾನಿಲ್ಲದ ಹೊತ್ತು ಯಾರಿರುತ್ತಾರೆ? ಹತ್ತಿರದ ಪಶುವೈದ್ಯರು ಯಾರು? ಮುಂದಿನ ಹತ್ತು ವರ್ಷ ಇದು ಎಲ್ಲಿರುತ್ತದೆ? ಉತ್ತರ ಸಿಗದಿದ್ದರೆ ಭಾನುವಾರ ಹೋಗಿ ಆಶ್ರಯ ಕೇಂದ್ರದ ಗೂಡು ತೊಳೆದು ಬನ್ನಿ, ಅದೂ ಬೇಕಾದ ಕೆಲಸವೇ.

ಅಂದಹಾಗೆ, ಬೆಳ್ಳಿ ಇವತ್ತಿಗೂ ಮಂಗ ಓಡಿಸುವುದಿಲ್ಲ. ಮಾಡಿನ ಮೇಲೆ ಮಂಗಗಳ ದಂಡೇ ಇಳಿದರೂ ಅದಕ್ಕೆ ಸುಖನಿದ್ದೆ. ಕವಣೆ ಹಿಡಿದು ತೋಟಕ್ಕೆ ಹೋಗುವ ಕೆಲಸ ಅಪ್ಪನದ್ದೇ. ವಾಪಸು ಬಂದವರು ಮೊದಲು ನೆಲ ಬಡಿದು ಅದನ್ನು ಎಬ್ಬಿಸುತ್ತಾರೆ, ಆಮೇಲೆ ಕಾಫಿ ಕುಡಿಯುತ್ತಾರೆ.