ಗಿಡ್ಡ ಬೇಸು, ಉದ್ದ ಮಾತು

"ಅದು ಮಕ್ಕಳ ವಾದ್ಯ ಸ್ವಾಮಿ, ದೊಡ್ಡದನ್ನೇ ನೋಡಿ." ಬೇಸ್ ಗಿಟಾರ್ ಕೊಳ್ಳಲು ಹೋದವರು ಗಿಡ್ಡ ಅಳತೆಯದನ್ನು ಕೈಗೆತ್ತಿಕೊಂಡರೆ ಅಂಗಡಿಯವರಿಂದಲೂ ಕಲಿಸುವ ಮೇಷ್ಟ್ರುಗಳಿಂದಲೂ ಬರುವ ಉಪದೇಶ ಇದು. ಹೆಣ್ಣುಮಗಳು ಎತ್ತಿಕೊಂಡರಂತೂ ಮೇಲೊಂದು ನಗೆ. ಈ ಉಪದೇಶದಲ್ಲಿ ಹುರುಳಿಲ್ಲ. ಅದು ಎಳೆಯರ ಗಂಟನ್ನೂ ಉತ್ಸಾಹವನ್ನೂ ಒಟ್ಟಿಗೆ ಕಳೆಯುತ್ತದೆಂಬುದೇ ನನ್ನ ತಕರಾರು.

ಅಳತೆಯೆಂದರೆ ಕುದುರೆಯಿಂದ ದಂಡಿಯ ತಲೆಯವರೆಗೆ ತಂತಿ ಮಿಡಿಯುವ ಉದ್ದ. ದೊಡ್ಡದೆನ್ನುವುದು 34 ಅಂಗುಲ, ಗಿಡ್ಡದೆನ್ನುವುದು ಸುಮಾರು 30. ಈ ಮೂವತ್ತನಾಲ್ಕನ್ನು ಯಾವ ಋಷಿಯೂ ಕಂಡದ್ದಲ್ಲ. 1951ರಲ್ಲಿ ಅಮೆರಿಕದ ಫೆಂಡರ್ ಕಂಪನಿ ತನ್ನ ಪ್ರಿಸಿಷನ್ ಬೇಸಿಗೆ ಇಟ್ಟುಕೊಂಡ ಲೆಕ್ಕ. ಎರಡೇ ವರ್ಷದಲ್ಲಿ ಗಿಬ್ಸನ್ನಿನವರು ಮೂವತ್ತೂವರೆ ಅಂಗುಲದ್ದನ್ನು ತಂದರು. ಜರ್ಮನಿಯ ಹಾಫ್ನರ್ ಪಿಟೀಲಿನಾಕಾರದ ಗಿಡ್ಡ ಬೇಸನ್ನು ಮಾಡಿತು; ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡದ್ದು ಅದನ್ನೇ. ಅದನ್ನು ಮಕ್ಕಳ ವಾದ್ಯವೆಂದು ಅವರಿಗೆ ಹೇಳುವವರು ಯಾರೂ ಸಿಗಲಿಲ್ಲವೆಂಬುದು ಲೋಕದ ಪುಣ್ಯ!

ನಮ್ಮಲ್ಲೇ ನೋಡಿ. ಪಿಟೀಲಿಗೆ ನಾಲ್ಕೇ ತಂತಿಯೆಂದು ಕೈಕಟ್ಟಿ ಕೂರಲಿಲ್ಲ ಮೈಸೂರಿನ ಚೌಡಯ್ಯನವರು. ತಮಗೆ ಬೇಕಾದ ನಾದಕ್ಕಾಗಿ ಏಳು ತಂತಿ ಹೂಡಿದರು. ಆ ಧೈರ್ಯವನ್ನು ಹಾಡಿಹೊಗಳುವ ಊರಿನಲ್ಲೇ ನಾಲ್ಕಂಗುಲ ಕಡಿಮೆಯಾದರೆ ಮೂಗು ಮುರಿಯುತ್ತಾರೆ.

ಈಗ ಕೋರಮಂಡಲಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಊಹಿಸಿಕೊಳ್ಳಿ. ಕೋಲಾರದ ಚಿನ್ನದ ಗಣಿಗಳಿಗೆ ಗಿಟಾರು ಹೊಸ ಸರಕಲ್ಲ. ಜಾನ್ ಟೇಲರ್ ಕಂಪನಿಯ ಕಾಲದಿಂದ ಇಂಗ್ಲಿಷರ, ಆಂಗ್ಲೋ-ಇಂಡಿಯನ್ನರ ಹಾಡು ಕುಣಿತ ಅಲ್ಲಿ ನಡೆದದ್ದೇ. 2001ರಲ್ಲಿ ಗಣಿ ಮುಚ್ಚಿತು. ಅನ್ನ ಹುಡುಕಿಕೊಂಡು ಜನ ಬಂಗಾರಪೇಟೆಯ ಮೇಲಾಗಿ ಬೆಂಗಳೂರಿಗೆ ರೈಲಿನಲ್ಲಿ ಓಡಾಡತೊಡಗಿದರು. ಹಾಗೆ ನಿಂತೇ ಬಂದು, ದುಡಿದು ಉಳಿಸಿದ ಹಣದಲ್ಲಿ ಒಂದು ವಾದ್ಯ ಕೊಳ್ಳುವವರಿಗೆ ಎರಡನೆಯ ಸಲ ಕೊಳ್ಳುವ ಅವಕಾಶ ಎಲ್ಲಿ? ಕೈಗೆ ಎಟುಕದ್ದನ್ನು ಕೊಂಡರೆ ಮೂರು ತಿಂಗಳಲ್ಲಿ ಅದು ಅಟ್ಟದ ಪಾಲು.

ಎಟುಕುವುದೆಂದರೆ ಬರಿಯ ಮಾತಲ್ಲ. ದೊಡ್ಡದರಲ್ಲಿ ಮೊದಲ ನಾಲ್ಕು ಮೆಟ್ಟಿಲುಗಳ ಹರವು 7 ಅಂಗುಲ. ಗಿಡ್ಡದರಲ್ಲಿ ಆರಕ್ಕೆ ಚೂರು ಮೇಲು. ಅದೇ ತಂತಿಯನ್ನು ಅದೇ ಶ್ರುತಿಗೆ ಬಿಗಿದರೆ ಗಿಡ್ಡದರಲ್ಲಿ ಎಳೆತ ಶೇಕಡಾ 22ರಷ್ಟು ಕಡಿಮೆ. ಬೆರಳು ನೋಯುವುದಿಲ್ಲ, ನಾದ ದುಂಡಗೆ ಬರುತ್ತದೆ.

ದೋಷವೇ ಇಲ್ಲವೆಂದು ನಾನು ವಕಾಲತ್ತು ವಹಿಸುತ್ತಿಲ್ಲ. ಸೆಕೆಂಡಿಗೆ ಸುಮಾರು 41 ಸಲ ಕಂಪಿಸುವ ಆ ಅತಿ ಮಂದ್ರದ ತಂತಿ ಅಗ್ಗದ ಗಿಡ್ಡ ವಾದ್ಯಗಳಲ್ಲಿ ಜೋಲುತ್ತದೆ, ಜೋರಾಗಿ ಮೀಟಿದರೆ ಗೊರಗುಟ್ಟುತ್ತದೆ. ಆದ್ದರಿಂದ ಮೊದಲು ಅದನ್ನೇ ಮೀಟಿ. ಆಮೇಲೆ ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಒಮ್ಮೆ, ಒತ್ತಿ ಒಮ್ಮೆ ನುಡಿಸಿ. ಎರಡು ಸ್ವರಗಳೂ ಒಂದಾಗಬೇಕು. ಪಟ್ಟಿಯಲ್ಲಿ ತೂಗುಹಾಕಿಕೊಂಡು ಎಡಗೈ ಬಿಡಿ; ತಲೆ ನೆಲದತ್ತ ವಾಲಿದರೆ ಅದನ್ನು ಅಲ್ಲೇ ಬಿಡಿ. ತಂತಿಯ ವಿಚಾರವನ್ನೂ ಕೇಳಿಕೊಳ್ಳಿ. ದೊಡ್ಡ ಅಳತೆಯ ತಂತಿ ಇದಕ್ಕೆ ಸರಿಹೊಂದದು. ಅದರ ದಪ್ಪಭಾಗ ಬಿರಡೆಗೆ ಸುತ್ತಿಕೊಂಡು ಕೆಡುತ್ತದೆ. ಗಿಡ್ಡ ಅಳತೆಯದೇ ಒಂದು ಜೊತೆ ಹೆಚ್ಚಿಗೆ ಸಿಕ್ಕಿದರೆ ಆಗಲೇ ಕೊಂಡಿಡುವುದು ಮೇಲು.

ಇಷ್ಟೆಲ್ಲ ಪರೀಕ್ಷೆಗೆ ಅಂಗಡಿಯವರು ಗೊಣಗಬಹುದು. ಗೊಣಗಲಿ. ಮಾರಿಕುಪ್ಪಂ ಗಾಡಿಗೆ ಇನ್ನೂ ಹೊತ್ತಿದೆ.